ಅಕ್ಕನ ಒಪ್ಪತ್ತು, ನನ್ನ ಬೆಳಚು

ಸಮುದ್ರ ಚೆನ್ನಾಗಿತ್ತು. ಇಷ್ಟೇ ಮಾತು. ಇದನ್ನು ನಾನು ನಮ್ಮ ಅಕ್ಕನಿಗೆ ಆರು ವರ್ಷ ಹೇಳಲಿಲ್ಲ. ಬರೀ ಹೇಳದೆ ಬಿಟ್ಟಿದ್ದರೆ ಮರೆವು ಅಂತ ತೇಲಿಸಬಹುದಿತ್ತು. ನಾನು ಅದರ ಉಲ್ಟಾ ಹೇಳಿದ್ದೆ. ಅಕ್ಕ ಅದನ್ನು ನಂಬಿದ್ದಳು.

ಇದು ಈಗ ನೆನಪಾಗಲು ಕಾರಣ ನಮ್ಮ ಅಡುಗೆಮನೆಯ ಗೂಡಿನಲ್ಲಿರುವ ಒಂದು ಬೆಳಚಿನ ಚಿಪ್ಪು. ಬೆಳಚು ಅಂದರೆ ನಮ್ಮ ಮಸ್ಕಿ, ಲಿಂಗಸುಗೂರಿನ ಕಡೆಯವರಿಗೆ ತಿಳಿಯಲಿಕ್ಕಿಲ್ಲ. ಹೊಳೆ ಸಮುದ್ರ ಸೇರುವ ಕಡೆ ಕೆಸರಿನೊಳಗೆ, ಎರಡು ಚಿಪ್ಪುಗಳ ನಡುವೆ ಬಾಯಿ ಮುಚ್ಚಿಕೊಂಡು ಕೂತಿರುವ ಒಂದು ಜೀವ ಅದು. ಒಳಗಿನದನ್ನು ತಿಂದ ಮೇಲೆ ಚಿಪ್ಪು ಉಳಿಯುತ್ತದೆ. ಹಾಲಿನ ಗಡಿಗೆಯ ತಳಕ್ಕೆ ಹತ್ತಿದ ಕೆನೆ ಕೆರೆಯಲು ಅದರಂಥ ಸಾಮಾನು ಇನ್ನೊಂದಿಲ್ಲ. ಮೊನ್ನೆ ಹಾಗೆ ಕೆರೆಯುವಾಗ ಅಂಚಿನ ಒಂದು ಚಕ್ಕೆ ಹಾರಿತು. ಪೂರ್ತಿ ಒಡೆಯುವ ಮೊದಲು ಇದರ ಕತೆ ಬರೆದಿಡೋಣ ಅಂತ ಕೂತಿದ್ದೇನೆ.

ಬರವಣಿಗೆ ನನ್ನದು ಅಷ್ಟಕ್ಕಷ್ಟೆ. ಶಾಲೆ ಕಂಡಿದ್ದು ಮೂರೂವರೆ ವರ್ಷ. ಮೊದಲ ಎರಡು ವರ್ಷ ನಿಜಾಮರ ಕಾಲದ ಮಾಸ್ತರರು ಅಲಿಫ್ ಬೇ ತಿದ್ದಿಸಿದರು. ಬಲದಿಂದ ಎಡಕ್ಕೆ ಬರೆಯಲು ಕೈ ಕೂಡಿತು ಅನ್ನುವಷ್ಟರಲ್ಲಿ ರಾಜ್ಯವೇ ಬದಲಾಯಿತು. ಇನ್ನು ಮೇಲೆ ಎಡದಿಂದ ಬಲಕ್ಕೆ ಅ ಆ ಬರೆಯಿರಿ ಎಂದರು. ಎರಡೂ ದಿಕ್ಕಿನಿಂದ ಹೊರಟು ನಡುವೆ ಎಲ್ಲೋ ನಿಂತುಹೋದ ವಿದ್ಯೆ ಅದು. ಆಮೇಲೆ ಕಿರಾಣಿ ಸಾಮಾನು ಕಟ್ಟಿಕೊಟ್ಟ ಪೇಪರಿನ ತುಂಡುಗಳನ್ನು ಬಿಡದೆ ಓದಿದ್ದರಿಂದ ಇಷ್ಟಾದರೂ ಉಳಿದಿದೆ. ಪೊಟ್ಟಣ ಹರಿದಲ್ಲಿಗೆ ಕತೆಯೂ ಹರಿದಿರುತ್ತಿತ್ತು. ಆದ್ದರಿಂದ ನನ್ನ ಬರಹದಲ್ಲಿ ಹಿಂದುಮುಂದಾದರೆ ನೀವು ಸಿಟ್ಟಾಗಬಾರದು.

ನಮ್ಮದು ಮಸ್ಕಿ. ಮನೆಯಿಂದ ಒಂದು ಕೂಗಿನ ದೂರಕ್ಕೆ ಹಳ್ಳ. ವರ್ಷದ ಒಂಬತ್ತು ತಿಂಗಳು ಅದು ಹೆಸರಿಗೆ ಹಳ್ಳ. ಮಳೆ ಬಿದ್ದು ಅದಕ್ಕೆ ನೀರು ಬಂದ ದಿನ ಮಾತ್ರ ಊರೇ ದಂಡೆಗೆ ಬಂದು ನಿಲ್ಲುತ್ತಿತ್ತು. ನಾನು, ಅಕ್ಕ ಅಮರಮ್ಮ ಎಲ್ಲರಿಗಿಂತ ಮುಂದೆ. ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಮಣ್ಣುನೀರು ಉರುಳಿಕೊಂಡು ಹೋಗುವುದನ್ನು ನೋಡಿ ಅವಳು ಅಪ್ಪನನ್ನು ಒಮ್ಮೆ ಕೇಳಿದ್ದಳು.

"ಅಪ್ಪಾ, ಈ ನೀರು ಎಲ್ಲಿಗೆ ಹೊಕ್ಕೈತಿ?"

"ಸಮುದ್ರಕ್ಕ."

"ಸಮುದ್ರ ತುಂಬಿದ್ರ?"

"ತುಂಬಿದ್ರ ನಿನಗ ಖಬರ ಕಳಸ್ತಾರ. ನಡಿ ಮನಿಗೆ, ರೊಟ್ಟಿ ಆರಾಕತ್ತ್ಯಾವ."

ಅಪ್ಪ ಅಲ್ಲಿಗೆ ಮರೆತ. ಅಕ್ಕ ಮರೆಯಲಿಲ್ಲ. ನಮ್ಮಲ್ಲಿ ತೆಂಗಿನಕಾಯಿ ಅಂದರೆ ದೇವರ ಮುಂದೆ ಒಡೆಯುವುದು, ಚೂರು ಬಾಯಿಗೆ ಹಾಕಿಕೊಳ್ಳುವುದು. ಉಳಿದ ಪರಟಿಯನ್ನು, ಅಂದರೆ ಕರಟವನ್ನು, ಅಕ್ಕ ಎತ್ತಿಟ್ಟುಕೊಳ್ಳುವಳು. ಅದರ ಅಂಚಿಗೆ ಕುಡುಗೋಲಿನಿಂದ ಮೂರು ಗೆರೆ ಕೊರೆದು, ಹಳ್ಳಕ್ಕೆ ನೀರು ಬಂದ ದಿನ ತೇಲಿಬಿಡುವಳು. ವರ್ಷಕ್ಕೆ ಎರಡೋ ಮೂರೋ ಪರಟಿ. ತಿರುವಿನ ಜಾಲಿಗಿಡ ದಾಟುವತನಕ ನೋಡಿ, "ಹೋತು, ಸಮುದ್ರಕ್ಕ ಹೋತು" ಅಂತ ಕೈ ಒರೆಸಿಕೊಂಡು ಬರುವಳು. ಅವಳಿಗೆ ಹೊಸ ಸೀರೆ ಬೇಕು ಅಂತ ಅತ್ತಿದ್ದು ನನಗೆ ನೆನಪಿಲ್ಲ. ಸಮುದ್ರ ನೋಡಬೇಕು ಅಂತ ಮಾತ್ರ ಎಷ್ಟೋ ಸಲ ಹೇಳಿದ್ದಳು.

ನಮ್ಮ ಚಿಗವ್ವ, ಅಂದರೆ ಅವ್ವನ ತಂಗಿ, ಸಮುದ್ರದ ಕಡೆ ಇದ್ದಳು. ಅವಳ ಗಂಡನನ್ನು ನಾವು ಕಾಕಾ ಅನ್ನುತ್ತಿದ್ದೆವು. ಲಿಂಗಸುಗೂರಿನ ವ್ಯಾಪಾರಿಯೊಬ್ಬರ ಲಾರಿಯ ಡ್ರೈವರ್. ಇಲ್ಲಿಂದ ಶೇಂಗಾ ಹಿಂಡಿ ಹೊತ್ತು ಘಟ್ಟ ಇಳಿಯುವುದು, ಅಲ್ಲಿಂದ ಉಪ್ಪು ತುಂಬಿಕೊಂಡು ಬರುವುದು. ಕುಮಟೆಯಿಂದ ಸ್ವಲ್ಪ ದೂರ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆ, ಉಪ್ಪಿನ ಲಾರಿಗಳು ನಿಲ್ಲುವ ಒಂದು ಹಳ್ಳಿಯಲ್ಲಿ ಚಿಗವ್ವನ ಸಂಸಾರ. ರಜಾಕಾರರ ಗದ್ದಲ ಮುಗಿದ ಎರಡನೇ ವರ್ಷ ಚಿಗವ್ವ ಬಸುರಿಯಾದಳು. ಬಾಣಂತನಕ್ಕೆ ತವರಿಗೆ ಬರೋಣ ಅಂದರೆ ಮಳೆಗಾಲದ ಘಟ್ಟದಲ್ಲಿ ತುಂಬು ಬಸುರಿಯನ್ನು ಲಾರಿಯಲ್ಲಿ ಕೂಡಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕೆ, "ಕೈಕೆಳಗ ಒಬ್ಬಾಕಿನ ಕಳಸು, ಅಮರಿ ಬಂದ್ರ ಚೊಲೊ" ಅಂತ ಹೇಳಿಕಳಿಸಿದಳು.

ಆದರೆ ಆ ಯುಗಾದಿಗೆ ಅಕ್ಕನನ್ನು ಗೊರೇಬಾಳದವರು ನೋಡಿ, ವೀಳ್ಯ ಬದಲಾಯಿಸಿ ಹೋಗಿದ್ದರು. ಮದುವೆ ಗೊತ್ತಾದ ಹುಡುಗಿಯನ್ನು ಅಷ್ಟು ದೂರ ಕಳಿಸುವುದು ಸರಿಯಲ್ಲ ಅಂದರು ಹಿರಿಯರು. ಹನ್ನೆರಡು ವರ್ಷದ ನನ್ನನ್ನು ಕಳಿಸುವುದು ಅಂತಾಯಿತು. ಅಕ್ಕನೇ ನನ್ನ ಎರಡು ಲಂಗ ಮಡಿಚಿ ಗಂಟು ಕಟ್ಟಿಕೊಟ್ಟಳು. ಲಾರಿ ಹತ್ತುವಾಗ ಹತ್ತಿರ ಬಂದು ಮೆತ್ತಗೆ, "ಹುಲಿಗಿ, ನನ್ನ ಪರಟಿ ಅಲ್ಲಿ ಬಂದಾವೇನ ನೋಡ ಬೇ. ಮೂರು ಗೆರಿ ಇರ್ತಾವ" ಅಂದಳು.

ಹುಲಿಗೆಮ್ಮ ಅನ್ನುವ ನನ್ನ ಹೆಸರನ್ನು ಅಷ್ಟು ಮೃದುವಾಗಿ ಯಾರೂ ಕರೆದಿರಲಿಲ್ಲ. ನಾನು ಜಂಬದಿಂದ "ನೋಡೂನಂತ" ಅಂದೆ.

ಇಲ್ಲಿ ನಿಮಗೆ ನಾಕಾದ ವಿಷಯ ಹೇಳಬೇಕು. ಗದಗಿನ ದಾರಿಯಲ್ಲಿ ಹೈದರಾಬಾದಿನ ಸೀಮೆ ಮುಗಿಯುವಲ್ಲಿ ಒಂದು ಅಡ್ಡಗೋಲು, ಒಂದು ಹಂಚಿನ ಕೋಣೆ, ಇಬ್ಬರು ಜವಾನರು ಇರುತ್ತಿದ್ದರು. ಅದೇ ನಾಕಾ. ಆಚೆಗೆ ಮುಂಬಯಿ ಸರ್ಕಾರ. ರಜಾಕಾರರ ಕಾಲದಲ್ಲಿ ನಮ್ಮ ಊರಿನ ಗಂಡಸರು ಅದನ್ನು ದಾಟಿ ಆಚೆ ಹೋಗಿ ತಲೆಮರೆಸಿಕೊಂಡಿದ್ದರು. ಅಪ್ಪನೂ ಹೋಗಿದ್ದ. ಅವನು ಮರಳುವತನಕ ಅವ್ವ ಒಪ್ಪತ್ತು ಹಿಡಿದಳು, ದಿನಕ್ಕೆ ಒಂದೇ ಊಟ. ಅಪ್ಪ ಬದುಕಿ ಬಂದ. ಅಂದಿನಿಂದ ನಮ್ಮ ಮನೆಯಲ್ಲಿ ಅದೇ ಪದ್ಧತಿಯಾಯಿತು. ನಾಕಾ ದಾಟಿ ಹೋದವರ ಹೆಸರಿನಲ್ಲಿ ಮನೆಯೊಳಗೆ ಒಬ್ಬರು ಒಪ್ಪತ್ತು ಹಿಡಿಯಬೇಕು, ಹೋದವರು ಹೊಸ್ತಿಲು ತುಳಿಯುವತನಕ. ಗದ್ದಲ ಮುಗಿದರೂ ಪದ್ಧತಿ ಮುಗಿಯಲಿಲ್ಲ. ದೊಡ್ಡಪ್ಪ ಗದಗಿಗೆ ಎತ್ತು ನೋಡಲು ಹೋಗಿ ನಾಲ್ಕು ದಿನ ತಡ ಮಾಡಿದಾಗ ದೊಡ್ಡವ್ವ ಬಾಗಿಲಲ್ಲೇ, "ನೀ ಎತ್ತಿನ ಹಲ್ಲು ಎಣಿಸೋತನ ನನ್ನ ಹಲ್ಲು ಕೆಲಸ ಮರ್ತಾವ" ಅಂದಿದ್ದಳು.

ನನ್ನ ಹೆಸರಿನಲ್ಲಿ ಯಾರಾದರೂ ಒಪ್ಪತ್ತು ಹಿಡಿಯಬಹುದು ಅಂತ ನನಗೆ ಹೊಳೆಯಲಿಲ್ಲ. ನಾನು ಸಣ್ಣವಳು. ಒಪ್ಪತ್ತು ದೊಡ್ಡವರ ಸಲುವಾಗಿ ಅಂತ ತಿಳಿದಿದ್ದೆ.

ನಾವು ಮುಟ್ಟಿದಾಗ ಮಳೆ. ಮರುದಿನ ಎದ್ದಾಗ ಮಳೆ. ಎಂಟನೇ ದಿನವೂ ಅದೇ ಮಳೆ. ನಮ್ಮ ಮಸ್ಕಿಯಲ್ಲಿ ಮಳೆ ಬೀಗರ ಹಾಗೆ ಬರುತ್ತದೆ. ಕರೆದು ಕರೆದು ಸಾಕಾದಾಗ ಒಮ್ಮೆ ಬಂದು, ಎಲ್ಲರನ್ನೂ ಗಾಬರಿಪಡಿಸಿ, ಊಟಕ್ಕೂ ನಿಲ್ಲದೆ ಹೋಗುತ್ತದೆ. ಅಲ್ಲಿಯ ಮಳೆಗೆ ಅದೇ ಮನೆ. ಕೂಸು ಹುಟ್ಟಿದ ಮೇಲೆ ನನಗಿದ್ದ ದೊಡ್ಡ ಕೆಲಸವೆಂದರೆ ಕೂಸಿನ ಬಟ್ಟೆ ಒಣಗಿಸುವುದು. ತೆಂಗಿನ ಸಿಪ್ಪೆಯ ಬೆಂಕಿ ಮಾಡಿ, ಮೇಲೆ ಬುಟ್ಟಿ ಬೋರಲು ಹಾಕಿ, ಅದರ ಮೇಲೆ ಬಟ್ಟೆ ಹರವುತ್ತಿದ್ದೆ. ಹೊಗೆಯಲ್ಲಿ ಒಣಗಿದ ಬಟ್ಟೆ ತೊಡಿಸಿ ತೊಡಿಸಿ ಆ ಕೂಸು ಸುಟ್ಟ ಬದನೆಕಾಯಿಯ ಹಾಗೆ ನಾರುತ್ತಿತ್ತು.

ಪಕ್ಕದ ಮನೆಯಲ್ಲಿ ಹೊನ್ನಜ್ಜಿ ಅಂತ ಇದ್ದಳು. ಹೊಳೆಯಲ್ಲಿ ಮೀನು, ಬೆಳಚು ಹಿಡಿದು ಬದುಕುವವಳು. ಮೂರನೇ ದಿನವೋ ನಾಲ್ಕನೇ ದಿನವೋ ಬೇಲಿಯ ಆಚೆಯಿಂದ ನನ್ನನ್ನು ನೋಡಿ, "ಎಂಥದೇ ಹುಡ್ಗಿ, ಮಳೆ ಕಂಡದ್ದಿಲ್ವಾ? ಹಂಗೇ ಬಾಯ್ ಬಿಟ್ಕಂಡ್ ನಿಂತದೆ" ಅಂದಳು. ನಾನು ನಮ್ಮ ಮಾತಿನಲ್ಲಿ ಏನೋ ಅಂದೆ. ಅದು ಅವಳಿಗೆ ತಿಳಿಯಲಿಲ್ಲ. ಅವಳ ಮಾತು ನನಗೆ ಅರ್ಧ ತಿಳಿಯಿತು. ಹೊಟ್ಟೆ ತುಂಬಲು ಅರ್ಧ ಸಾಕಾಯಿತು.

ಮಧ್ಯಾಹ್ನ ಚಿಗವ್ವ, ಕೂಸು ಮಲಗಿದರೆಂದರೆ ನಾನು ಕಂಬಳಿ ಕೊಪ್ಪೆ ಹೊದ್ದು ಹೊನ್ನಜ್ಜಿಯ ಹಿಂದೆ ಹೊರಡುತ್ತಿದ್ದೆ. ಗದ್ದೆಯ ಬದುವಿನ ಮೇಲೆ ಒಂದು ಹೆಜ್ಜೆಯ ದಾರಿ. ಎರಡೂ ಕಡೆ ನೀರು, ನೀರಿನಲ್ಲಿ ಆಕಾಶ. ಬರಿಗಾಲಿಗೆ ಹುಲ್ಲು ತಣ್ಣಗೆ ತಾಗುತ್ತಿತ್ತು. ನಮ್ಮ ಎರೆಮಣ್ಣಿನಲ್ಲಿ ಮಳೆಯಾದ ಮೇಲೆ ನಡೆದವರಿಗೆ ಗೊತ್ತು, ನಾಲ್ಕು ಹೆಜ್ಜೆಗೆ ಕಾಲಿಗೆ ನಾಲ್ಕು ಸೇರು ಮಣ್ಣು ಹತ್ತಿ ಆನೆ ಹೆಜ್ಜೆಯಾಗುತ್ತದೆ. ಅಲ್ಲಿ ಮಣ್ಣು ಕಾಲನ್ನು ಹಿಡಿಯುವುದೇ ಇಲ್ಲ. ಮಳೆಯಲ್ಲಿ ಕೆಲಸವಿಲ್ಲದೆ, ಬರೀ ನಡೆಯುವ ಸಲುವಾಗಿ ನಡೆಯಬಹುದು ಅಂತ ನನಗೆ ಗೊತ್ತಾಗಿದ್ದು ಅಲ್ಲೇ. ನಮ್ಮೂರಲ್ಲಿ ಹಾಗೆ ನಡೆದರೆ ಕೇಳುತ್ತಾರೆ, ಏನು ಕಳಕೊಂಡಿ ಅಂತ.

ಸಮುದ್ರ ಕಂಡಿದ್ದೂ ಹಾಗೆ ನಡೆಯುತ್ತಲೇ. ಕೆಂಪು ಕಲ್ಲಿನ ಒಂದು ಗುಡ್ಡ ಏರಿದೆವು, ಇಳಿಯುವಾಗ ಎದುರಿಗೆ ಇತ್ತು. ನೀಲಿ ಅಂತ ಕೇಳಿದ್ದೆ. ನೀಲಿ ಎಲ್ಲಿ? ಮಳೆಗಾಲದ ಸಮುದ್ರ ಮಣ್ಣಿನ ಬಣ್ಣ. ನೇಗಿಲು ಹೊಡೆದ ನಮ್ಮ ಎರೆಹೊಲ ಸಾಲು ಸಾಲಾಗಿ ಎದ್ದು ನನ್ನ ಕಡೆಗೆ ನಡೆದು ಬಂದಹಾಗೆ ಕಂಡಿತು. ನಾನು ಹೊನ್ನಜ್ಜಿಯ ಸೆರಗು ಹಿಡಿದು ಕಣ್ಣು ಮುಚ್ಚಿದೆ. "ಅದು ಅಲ್ಲೇ ಇರ್ತದೆ ಮಗಾ, ನಿನ್ ಮನೆಗೆ ಬತ್ತಿಲ್ಲ" ಅಂದಳು. ಆಮೇಲೆ ಎಷ್ಟು ಹೊತ್ತು ನೋಡಿದೆನೋ. ಒಬ್ಬಳೇ ನೋಡುವ ಸಾಮಾನು ಅಲ್ಲ ಇದು, ಅಕ್ಕ ಇರಬೇಕಿತ್ತು ಅಂತ ಆಗ ಅನ್ನಿಸಿದ್ದು ನಿಜ.

ಆಗಲೇ ಪರಟಿ ನೆನಪಾಯಿತು. ದಂಡೆಯ ಉದ್ದಕ್ಕೂ ನೋಡುತ್ತಾ ಹೋದೆ. ದೇವರೇ, ಎಷ್ಟು ಪರಟಿಗಳು. ನೋಡಿದಲ್ಲೆಲ್ಲ ತೆಂಗು ಇರುವ ಊರು ಅದು. ಅಲೆ ತಂದು ಬಿಸಾಕಿದ ಪರಟಿಗಳು ಜೊಂಡಿನ ಜೊತೆ ರಾಶಿ ಬಿದ್ದಿದ್ದವು. ಒಂದೊಂದನ್ನೇ ತಿರುವಿ ಮೂರು ಗೆರೆ ಹುಡುಕಿದೆ. ನಮ್ಮ ಹಳ್ಳದ ನೀರು ಆ ಸಮುದ್ರಕ್ಕೆ ಬರುವುದೇ ಇಲ್ಲ, ತುಂಗಭದ್ರೆ, ಕೃಷ್ಣೆ ಸೇರಿ ಮೂಡಣ ಸಮುದ್ರಕ್ಕೆ ಹೋಗುತ್ತದೆ ಅಂತ ನನಗೆ ಎಷ್ಟೋ ವರ್ಷದ ಮೇಲೆ ಗೊತ್ತಾಯಿತು. ಅದು ಬೇರೆ ಮಾತು. ಹುಡುಕಿದ್ದು ಆ ಒಂದು ದಿನ ಮಾತ್ರ. ಮರುದಿನ ಬೆಳಚಿಗೆ ಹೋದೆವು.

ಇಳಿತದ ಹೊತ್ತಿಗೆ ಹೊಳೆಯ ನೀರು ಹಿಂದಕ್ಕೆ ಸರಿದು ಕೆಸರು ಕಾಣುತ್ತದೆ. ಮೊಣಕಾಲು ಮಟ್ಟ ನೀರಿನಲ್ಲಿ ನಿಂತು ಹಿಮ್ಮಡಿಯಿಂದ ಕೆಸರನ್ನು ಮೆಲ್ಲಗೆ ತಿಕ್ಕಬೇಕು. ಕಲ್ಲಾದರೆ ಸುಮ್ಮನಿರುತ್ತದೆ. ಬೆಳಚಾದರೆ ಹಿಮ್ಮಡಿಯ ಕೆಳಗೆ ಒಂಚೂರು ಜಾರಿ ಒಳಗೆ ಹೋಗಲು ನೋಡುತ್ತದೆ. ಅಷ್ಟರಲ್ಲಿ ಬಗ್ಗಿ ತೆಗೆಯಬೇಕು. ಮೊದಲ ದಿನ ನಾನು ಹನ್ನೊಂದು ಕಲ್ಲು ತೆಗೆದೆ. ಹೊನ್ನಜ್ಜಿ, "ನಿಮ್ ಊರಲ್ಲಿ ಕಲ್ಲೇ ಬೇಯಿಸ್ತ್ರಾ?" ಅಂತ ಕೇಳಿದಳು. ವಾರ ಕಳೆಯುವುದರಲ್ಲಿ ನನ್ನ ಹಿಮ್ಮಡಿಗೆ ಕಣ್ಣು ಬಂದಿತ್ತು.

ಬೆಳಚನ್ನು ಕುದಿಸಿದರೆ ಬಾಯಿ ತೆರೆಯುತ್ತದೆ. ಒಳಗಿನದನ್ನು ಬಿಡಿಸಿ, ಕಾಯಿತುರಿ ಹಾಕಿ, ನಾಲಿಗೆ ಜುಮ್ಮೆನ್ನುವ ಒಂದು ಕಾಯಿ ಜಜ್ಜಿ ಹಾಕುತ್ತಿದ್ದರು. ಕೆಂಪಕ್ಕಿಯ ಬಿಸಿ ಅನ್ನದ ಮೇಲೆ ಅದು. ಅನ್ನವೇ ನನಗೆ ಹಬ್ಬ. ಜೋಳದ ರೊಟ್ಟಿಯ ಮನೆಯಲ್ಲಿ ಅನ್ನ ಕಾಣುವುದು ಹಬ್ಬಕ್ಕೆ, ಇಲ್ಲವೇ ಜ್ವರ ಬಂದಾಗ. ಅಲ್ಲಿ ದಿನಕ್ಕೆ ಎರಡು ಸಲ. ಹೊಳೆಯ ಸಿಗಡಿ, ಕೆಂಡದ ಮೇಲೆ ಸುಟ್ಟ ಒಣ ಬಂಗಡೆ, ಬೆಳಗ್ಗೆ ಗಂಜಿಯ ಜೊತೆ ಅದರದೇ ಒಂದು ಚೂರು. ಒಣಮೀನು ಸುಡುವ ವಾಸನೆಗೆ ಮೊದಲ ದಿನ ಮೂಗು ಮುಚ್ಚಿದವಳು ಹತ್ತನೇ ದಿನ ಅದೇ ವಾಸನೆಗೆ ಎಚ್ಚರಾಗುತ್ತಿದ್ದೆ. ಶ್ರಾವಣ ಬಂತು. ಊರಲ್ಲಿ ಆ ತಿಂಗಳು ನಾವು ಇಂಥದ್ದೇನೂ ಮುಟ್ಟುವುದಿಲ್ಲ. ಹೆದರಿ ಕೇಳಿದೆ. ಚಿಗವ್ವ, "ಸಮುದ್ರಕ್ಕ ಶ್ರಾವಣ ಇಲ್ಲ, ಉಣ್ಣು" ಅಂದಳು. ನನಗೂ ಅದು ಸರಿ ಕಂಡಿತು.

ಕಾಕಾನ ಲಾರಿ ಎಂಟು ಹತ್ತು ದಿನಕ್ಕೊಮ್ಮೆ ಬಂದು ಹೋಗುತ್ತಿತ್ತು. ಕೂಸಿಗೆ ತಿಂಗಳು ತುಂಬಿದ ಮೇಲೆ ಒಂದು ಸಲ ಬಂದಾಗ ನಾನು ಬೆಳಚಿನ ಊಟಕ್ಕೆ ಕೂತಿದ್ದೆ. ಕಾಕಾ ಕಾಲು ತೊಳೆದು ಬಂದು ನನ್ನ ತಾಟು ನೋಡಿ ನಕ್ಕ.

"ಏನ ಬೇ ಹುಲಿಗಿ, ಅಲ್ಲಿ ನಿಮ್ಮಕ್ಕ ಒಪ್ಪತ್ತು ಹಿಡ್ಕೊಂಡು ಕುಂತಾಳ. ಹಗಲು ಒಂದು ರೊಟ್ಟಿ, ಮುಗೀತು. ಇಲ್ಲಿ ನೀ ಗುಡ್ಡ ಹಚ್ಕೊಂಡು ಕುಂತೀದಿ."

"ಯಾರ ಹೆಸರಿಲೆ?" ಅಂದೆ.

"ಯಾರ ಹೆಸರಿಲೆ ಅಂತಾಳ ನೋಡು. ನಾಕಾ ದಾಟಿದಾಕಿ ನೀನ. ನನ್ನ ಲಾರಿ ಹೆಸರಿಲೆ ಹಿಡೀತಾರೇನ?"

ಚಿಗವ್ವ ಒಳಗಿನಿಂದ, "ನಾ ಎದ್ದು ಓಡಾಡಾಕತ್ತೀನಿ. ಪಾಪ, ಆ ಹುಡುಗಿ ಯಾಕ ಒಣಗಬೇಕು? ನಾಳಿ ಲಾರಿಗೆ ಹೊಂಟ್ಬಿಡು" ಅಂದಳು.

ನಾನು ತಾಟು ನೋಡಿದೆ. ಮರುದಿನ ದೊಡ್ಡ ಇಳಿತ ಇತ್ತು. ಹೊಳೆಯ ನಡುವಿನ ದಿಬ್ಬ ಎದ್ದು ಕಾಣುತ್ತದೆ, ಅಲ್ಲಿಗೆ ಕರೆದೊಯ್ಯುತ್ತೇನೆ ಅಂತ ಹೊನ್ನಜ್ಜಿ ಹೇಳಿದ್ದಳು.

"ಕೂಸಿನ ಬಟ್ಟಿ ಯಾರ ಒಣಗಸ್ತಾರ ಚಿಗವ್ವ?" ಅಂದೆ. "ಮುಂದಿನ ಲಾರಿಗೆ ಹೋಗ್ತೀನಿ. ಕಾಕಾ, ಚಿಗವ್ವಗ ಇನ್ನಾ ಆಗವಲ್ದು ಅಂತ ಹೇಳು ಮನ್ಯಾಗ."

"ಆತು ತಾಯಿ. ಸುಳ್ಳೇನು ಭಾರ ಆಗಂಗಿಲ್ಲ ಲಾರಿಗೆ" ಅಂದ ಕಾಕಾ. ಇಬ್ಬರೂ ನಕ್ಕರು.

ಆ ಊಟ ನನಗೆ ಗಂಟಲಲ್ಲಿ ಇಳಿಯಲಿಲ್ಲ ಅಂತ ಬರೆದರೆ ನಿಮಗೆ ನನ್ನ ಮೇಲೆ ಕನಿಕರ ಬರುತ್ತಿತ್ತು. ಇಳಿಯಿತು. ಎರಡನೇ ಸಲ ಬಡಿಸಿಕೊಂಡೆ.

ಮುಂದಿನ ಲಾರಿ ಬಂದ ದಿನ ಹೊನ್ನಜ್ಜಿಯ ಜೊತೆ ಹೊಳೆಯಲ್ಲೇ ಉಳಿದೆ. ಲಾರಿಯ ಹಾರ್ನ್ ಎರಡು ಸಲ ಕೇಳಿತು. ಕೇಳದವಳಂತೆ ಹಿಮ್ಮಡಿ ತಿಕ್ಕಿದೆ. ಅದರ ಮುಂದಿನ ಲಾರಿಗೆ ಹೊಟ್ಟೆನೋವು ಅಂದೆ. ಅದು ಸುಳ್ಳಲ್ಲ, ಹಿಂದಿನ ದಿನ ಅಷ್ಟು ತಿಂದಿದ್ದೆ. ಹೀಗೆ ಮೂರು ಲಾರಿ. ಒಂದೊಂದು ಲಾರಿಗೆ ಎಂಟು ಹತ್ತು ದಿನ. ಅಷ್ಟು ದಿನವೂ ಮಸ್ಕಿಯಲ್ಲಿ ಅಕ್ಕ ಒಂದೇ ಹೊತ್ತು ಉಂಡು, ಎರಡು ಹೊತ್ತಿನ ಕೆಲಸ ಮಾಡಿದ್ದಾಳೆ. ನನಗದು ಗೊತ್ತಿತ್ತು. ಗೊತ್ತಿದ್ದೂ ಮಳೆಯಲ್ಲಿ ನಡೆದೆ, ಉಂಡೆ, ಮಲಗಿದೆ.

ಕೊನೆಗೆ ಹೊರಟಾಗ ಹೊನ್ನಜ್ಜಿ ನನ್ನ ಅಂಗೈಯಷ್ಟು ದೊಡ್ಡ ಒಂದು ಚಿಪ್ಪು ಕೊಟ್ಟು, "ಕೂಸಿಗೆ ಎಣ್ಣೆ ಕುಡಿಸೂಕೆ ಬತ್ತದೆ. ನಿಂಗೂ ಆಗ್ತದಲ್ಲ ಒಂದು ದಿವ್ಸ" ಅಂದಳು. ನಾಚಿಕೊಂಡು ಲಂಗದ ನೆರಿಗೆಯಲ್ಲಿ ಸಿಕ್ಕಿಸಿದೆ.

ಮಸ್ಕಿಯಲ್ಲಿ ಲಾರಿ ನಿಂತಾಗ ಮಟಮಟ ಮಧ್ಯಾಹ್ನ. ಅಕ್ಕ ಓಡಿ ಬಂದಳು. ಮೊಣಕೈ ಹತ್ತಿರ ಏನೋ ಗಲಗಲ ಅಂದಿತು. ನೋಡಿದರೆ ಮುಂಗೈಯಲ್ಲಿರಬೇಕಾದ ಬಳೆಗಳು ಅಲ್ಲಿಯತನಕ ಜಾರಿದ್ದವು. ಕೊರಳ ಎಲುಬು ಎದ್ದಿತ್ತು. ಹೊಸ್ತಿಲಲ್ಲಿ ನಿಲ್ಲಿಸಿ, ರೊಟ್ಟಿ ಚೂರು ನಿವಾಳಿಸಿ ಒಗೆದು, ನನ್ನ ಎರಡೂ ಗಲ್ಲ ಹಿಡಿದು, "ಇದೇನ ಬೇ ಇಷ್ಟು ಗಲ್ಲ?" ಅಂದಳು. ಅವ್ವ, ದೊಡ್ಡವ್ವ ಎಲ್ಲರೂ ನನ್ನ ಗಲ್ಲ ನೋಡುತ್ತಿದ್ದರು. ನಾನು ಅಕ್ಕನ ಬಳೆ ನೋಡುತ್ತಿದ್ದೆ.

ಆಗ ನನ್ನ ಬಾಯಿಂದ ಬಂತು. "ಅಲ್ಲೇನೂ ಸೇರಲಿಲ್ಲಕ್ಕ. ಬರೀ ಮೀನದ ನಾತ. ಗಂಜಿ ಕುಡ್ದು ಇದ್ದೆ. ಮಳಿ, ಕೆಸರು. ಸಮುದ್ರನೂ ಏನಿಲ್ಲ, ರಾಡಿ ನೀರು."

ಅಕ್ಕನ ಮುಖ ನೋಡುವ ಹಾಗಿರಲಿಲ್ಲ. "ಅವ್ವಾ, ಇಕಿ ಬಾತಾಳ. ಇದು ಮೈ ಅಲ್ಲ, ಉಪ್ಪುನೀರಿನ ಬಾವು. ಪಾಪ, ಎಷ್ಟು ತ್ರಾಸಾಗೈತೋ" ಅಂದಳು. ಎಲ್ಲರೂ ಹೌದೌದು ಅಂದರು. ಎಂಟು ದಿನ ಬರೀ ಹೊಟ್ಟೆಗೆ ಬೇವಿನ ಕಷಾಯ ಕುಡಿಸಿದರು. ಅಕ್ಕನೇ ಮೂಗು ಹಿಡಿದು ಕುಡಿಸುತ್ತಿದ್ದಳು. ಕಷಾಯಕ್ಕೆ ಬಾವು ಇಳಿಯಲಿಲ್ಲ, ಅದು ಬಾವೇ ಅಲ್ಲವಲ್ಲ. ಆದರೆ ರೊಟ್ಟಿ ಪುಂಡಿಪಲ್ಯಕ್ಕೆ ತಾನಾಗಿ ಇಳಿಯಿತು. ಬೇವಿಗೆ ಹೆಸರು ಬಂತು.

ಆ ಮೊದಲ ದಿನ ಸಂಜೆ ಅಕ್ಕ ಎರಡನೇ ಹೊತ್ತಿನ ಊಟಕ್ಕೆ ಕೂತಳು. ಎಷ್ಟೋ ದಿನದ ಮೇಲೆ. ತನ್ನ ಪಾಲಿನ ಬೆಣ್ಣೆಯನ್ನು ನನ್ನ ರೊಟ್ಟಿಯ ಮೇಲೆ ಹಚ್ಚಿ, ತಗ್ಗಿದ ದನಿಯಲ್ಲಿ ಕೇಳಿದಳು. "ನನ್ನ ಪರಟಿ?"

"ಬಂದಿಲ್ಲ. ಅಲ್ಲೇನೂ ಬರಂಗಿಲ್ಲ" ಅಂದೆ.

ಗೊರೇಬಾಳದವರ ಮನೆಯಲ್ಲಿ ಹಿರಿಯರೊಬ್ಬರು ತೀರಿಕೊಂಡು ಮದುವೆ ಒಂದು ವರ್ಷ ಮುಂದೆ ಹೋಯಿತು. ಮರುವರ್ಷ ಮಳೆಗಾಲದ ಮೊದಲು ಚಿಗವ್ವ ಮತ್ತೆ ಹೇಳಿಕಳಿಸಿದಳು. ಈ ಸಲ ಅಮರಿ ಬಂದು ತಿಂಗಳು ಇದ್ದು ಹೋಗಲಿ, ಮದುವೆಯಾದ ಮೇಲೆ ಯಾರು ಬಿಡುತ್ತಾರೆ ಅಂತ. ಬೀಗರೂ ಬೇಡ ಅನ್ನಲಿಲ್ಲ. ಅಪ್ಪ ಅಕ್ಕನನ್ನೇ ಕೇಳಿದ.

"ನಾ ಒಲ್ಲೆ" ಅಂದಳು ಅಕ್ಕ. "ಹುಲಿಗಿ ಅಲ್ಲಿಂದ ಹೆಂಗ ಬಾತು ಬಂದ್ಲು, ಕಂಡೀವಲ್ಲ. ಸಮುದ್ರ ಬರೀ ರಾಡಿ ಅಂತ."

ನಾನು ಆಗ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದೆ. ಕೈ ನಿಂತಿತು. ಒಂದು ಮಾತು ಆಡಿದ್ದರೆ ಅಕ್ಕ ಹೋಗುತ್ತಿದ್ದಳು. ತವಾದ ಮೇಲಿನ ರೊಟ್ಟಿ ಹೊತ್ತಿತು. "ಲಕ್ಷ್ಯ ಎಲ್ಲೈತಿ ನಿಂದು?" ಅಂತ ಅವ್ವ ಬೈದಳು. ರೊಟ್ಟಿ ತಿರುವಿ ಹಾಕಿದೆ. ಅಷ್ಟರಲ್ಲಿ ಆ ಮಾತು ಮುಗಿದುಹೋಗಿತ್ತು. ಅದಾದ ವರ್ಷವೇ ಕಾಕಾ ಉಪ್ಪಿನ ಲಾರಿ ಬಿಟ್ಟು, ಸಂಸಾರ ಸಮೇತ ಸಿಂಧನೂರಿಗೆ ಬಂದು ಕಾಲುವೆ ಕೆಲಸದ ಲಾರಿ ಹಿಡಿದ. ಸಮುದ್ರಕ್ಕೆ ಹೋಗುವ ದಾರಿ ನಮ್ಮ ಪಾಲಿಗೆ ಮುಚ್ಚಿತು.

ಅಕ್ಕ ಗೊರೇಬಾಳಕ್ಕೆ ಹೋದಳು. ನಾನು ಲಿಂಗಸುಗೂರಿಗೆ. ಕಾಲುವೆ ನೀರು ಬಂದ ಹೊಸದರಲ್ಲಿ ಒಮ್ಮೆ ಅಕ್ಕನ ಮನೆಗೆ ಹೋಗಿದ್ದೆ. ಜೋಳದ ಹೊಲಗಳೆಲ್ಲ ಭತ್ತದ ಮಡಿಯಾಗಿ ನೀರು ನಿಲ್ಲಿಸಿಕೊಂಡಿದ್ದವು. ನಮ್ಮವರಿಗೆ ನಾಟಿ ಹೊಸದು, ಸೀರೆ ಎತ್ತಿ ಕಟ್ಟಿ ನೀರಿನಲ್ಲಿ ನಿಲ್ಲಲು ಹೆಂಗಸರು ನಾಚುತ್ತಿದ್ದರು. ಅಕ್ಕ ಮಾತ್ರ ಖುಷಿಯಲ್ಲಿ ಇಳಿದಿದ್ದಳು. ಗಾಳಿ ಬೀಸಿ ಮಡಿಯ ನೀರು ಸಣ್ಣಗೆ ಸಾಲುಸಾಲಾಗಿ ಎದ್ದಿತು. ಅಕ್ಕ ಸೊಂಟ ನೆಟ್ಟಗೆ ಮಾಡಿ ಅದನ್ನೇ ನೋಡಿದಳು.

"ಹುಲಿಗಿ, ಸಮುದ್ರ ಹಿಂಗ ಇರ್ತದೇನ?"

"ಇದ ಚೊಲೊ ಐತಿ" ಅಂದೆ.

ಅವಳಿಗೆ ಸಮಾಧಾನವಾದ ಹಾಗಿತ್ತು. "ಹಂಗಾರ ಅದನ್ನ ನೋಡ್ಲಿಲ್ಲಂದ್ರ ಏನಾತು" ಅಂತ ಮತ್ತೆ ಬಗ್ಗಿದಳು. ಮೊದಲ ಸುಳ್ಳು ಹೆದರಿಕೆಯಿಂದ ಬಂದದ್ದು. ಇದಕ್ಕೆ ಆ ನೆಪವೂ ಇಲ್ಲ.

ನನ್ನ ಮೊದಲ ಬಾಣಂತನ ಮಸ್ಕಿಯಲ್ಲಾಯಿತು. ನೋಡಿಕೊಳ್ಳಲು ಅಕ್ಕನೇ ಬಂದಳು. ಹೊಸ ರಾಜ್ಯದ ಮಾತು ಎಲ್ಲರ ಬಾಯಲ್ಲಿದ್ದ ದಿನಗಳು. ಸಿಂಧನೂರಿನಿಂದ ಬಂದಿದ್ದ ಕಾಕಾ, "ಇನ್ನ ಕುಮಟಾನೂ ನಮ್ಮದ, ಮಸ್ಕಿನೂ ನಮ್ಮದ. ನಾಕಾ ಎತ್ತಿ ಒಗದ್ರು" ಅಂತ ಹೇಳಿ ಹೋದ. ಅಕ್ಕ ನಕ್ಕು, "ಹಂಗಾರ ಒಪ್ಪತ್ತೂ ಎತ್ತಿದ್ರನ್ನು" ಅಂದಳು. ಹೊರಗೆ ಮಳೆ ಹನಿಯುತ್ತಿತ್ತು. ಕೂಸಿಗೆ ಔಡಲೆಣ್ಣೆ ಕುಡಿಸಲು ಏನಾದರೂ ಸಣ್ಣದು ಬೇಕು ಅಂತ ಅಕ್ಕ ನನ್ನ ಟ್ರಂಕು ತಡಕಿದಳು. ಹಳೆಯ ಲಂಗದ ಮಡಿಕೆಯಿಂದ ಚಿಪ್ಪು ಕೆಳಗೆ ಬಿತ್ತು.

"ಇದೇನ ಬೇ?"

ಹಳ್ಳದಾಗ ಸಿಕ್ಕಿತ್ತು ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಅಕ್ಕ ಆಗಲೇ ಅದನ್ನು ಸೆರಗಿನಲ್ಲಿ ಒರೆಸಿ, ಎಣ್ಣೆ ಹಾಕಿ, ನನ್ನ ಮಗಳ ತುಟಿಗೆ ಹಿಡಿದಿದ್ದಳು. ಮಗಳು ಚಪ್ಪರಿಸುತ್ತಿದ್ದಳು.

"ಸಮುದ್ರದ್ದು" ಅಂದೆ.

"ಅಲ್ಲೇನೂ ಇಲ್ಲ ಅಂದಿದ್ದೆಲ್ಲ. ಇದು ಇತ್ತಲ್ಲ. ಮತ್ತೇನಿತ್ತು?"

ಹೊನ್ನಜ್ಜಿಯಿಂದ ಶುರು ಮಾಡಿದೆ. ಬದುವಿನ ದಾರಿ, ಗುಡ್ಡ, ಅನ್ನ, ಸಿಗಡಿ, ಹನ್ನೊಂದು ಕಲ್ಲು. ಅಕ್ಕ ಕೂಸನ್ನು ಮಡಿಲಲ್ಲಿ ಇಟ್ಟುಕೊಂಡು ಕೇಳಿದಳು. ನಾನು ಅವಸರದಲ್ಲಿ ಹಾರಿಸಿದಲ್ಲೆಲ್ಲ ತಡೆದು, "ನೆಟ್ಟಗ ಹೇಳು. ಹಿಮ್ಮಡಿಗೆ ಹೆಂಗ ಗೊತ್ತಾಗ್ತದ?" ಅಂದಳು. ಬಾಣಂತಿ ನಾನು, ಎದ್ದು ನಿಂತು ಸಾರಿಸಿದ ನೆಲದ ಮೇಲೆ ಹಿಮ್ಮಡಿ ತಿಕ್ಕಿ ತೋರಿಸಿದೆ. ಅವಳೂ ಕೂತಲ್ಲೇ ಹಿಮ್ಮಡಿ ತಿಕ್ಕಿ ನೋಡಿದಳು. ಆಮೇಲೆ ಕೇಳಿದಳು.

"ಹಂಗಾರ ಬಾವು?"

"ಬಾವು ಇರ್ಲಿಲ್ಲ."

"ಎಂಟು ದಿನ ಬೇವು ಕುಡ್ದೆಲ್ಲ ಬೇ. ಹೇಳಿದ್ರ ಬಿಡ್ತಿದ್ನೆಲ್ಲ." ಅವಳಿಗೆ ನಗು ಬಂದಿತ್ತು.

"ಹೇಳಿದ್ರ ಉಳಿದದ್ದೂ ಹೇಳಬೇಕಾಗ್ತಿತ್ತು."

ಅವಳ ನಗು ನಿಂತಿತು. "ಉಳಿದದ್ದಂದ್ರ?"

ಕೂಸು ಚಿಪ್ಪಿನ ಅಂಚು ನೆಕ್ಕುತ್ತಿತ್ತು. ಅದನ್ನೇ ನೋಡಿಕೊಂಡು ಹೇಳಿದೆ.

"ನೀ ಒಪ್ಪತ್ತು ಹಿಡ್ದಿದ್ದು ನನಗ ಅಲ್ಲೇ ಗೊತ್ತಾಗಿತ್ತಕ್ಕ. ಕಾಕಾ ಬಂದು ಹೇಳಿದ್ದ. ಹೇಳಿದ ಮ್ಯಾಲೂ ಮೂರು ಲಾರಿ ಬಿಟ್ಟೆ. ನಿನ್ನ ಪರಟಿ ಒಂದ ದಿನ ಹುಡುಕಿದೆ, ಆಮ್ಯಾಲ ಮರ್ತೆ. ಬಂದು ಸುಳ್ಳು ಹೇಳಿದೆ. ಆ ಸುಳ್ಳಿಗೆ ನೀ ಹೋಗೋದ ಬಿಟ್ಟಿ, ಆವಾಗೂ ಸುಮ್ಮನಿದ್ದೆ. ತಪ್ಪು ನಂದಕ್ಕ. ಸಮುದ್ರ ಭಾಳ ಚೊಲೊ ಇತ್ತು."